ಬೇಸಿಗೆ ರಜೆಯಲ್ಲಿ ಒಣಗಿದ ಪ್ರಿಂಟರ್: ಒಂದು ಪ್ರಕರಣ

ಪ್ರಿಂಟರ್ ಇರುವುದು ರಾಯಚೂರಿನಲ್ಲಿ, ನಮ್ಮ ಅಕ್ಕನ ಮನೆಯಲ್ಲಿ. ನಾಲ್ಕು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರ್. ಹಾಳೆಗೆ ಇಂಕು ಚಿಮ್ಮಿಸುವ ಹೆಡ್ ಯಂತ್ರದೊಳಗೇ ಕಾಯಂ ಕೂತಿರುತ್ತದೆ, ಬಳಸುವವರು ಕಿತ್ತು ತೆಗೆಯುವಂತಿಲ್ಲ. ಅಕ್ಕ ಮನೆಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಪರೀಕ್ಷೆ ಹತ್ತಿರ ಬಂದಾಗ ಕಟ್ಟುಗಟ್ಟಲೆ ಪ್ರಶ್ನೆಪತ್ರಿಕೆ ಪ್ರಿಂಟ್ ಆಗುತ್ತವೆ. ಪರೀಕ್ಷೆ ಮುಗಿದರೆ ಜೂನ್‌ವರೆಗೆ ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಗಾಳಿಯೂ ಒಣ. ಸಾಲದ್ದಕ್ಕೆ ಪ್ರಿಂಟರ್ ಇಟ್ಟಿದ್ದು ಪಶ್ಚಿಮದ ಕಿಟಕಿಯ ಪಕ್ಕ.

ಜೂನ್‌ನಲ್ಲಿ ಮೊದಲ ಹಾಳೆ ತೆಗೆದಾಗ ಅಕ್ಷರಗಳ ಮಧ್ಯೆ ಅಡ್ಡಡ್ಡ ಬಿಳಿ ಗೆರೆಗಳು. ಅಕ್ಕ ಕಂಪ್ಯೂಟರಿನಿಂದ ಹೆಡ್ ಕ್ಲೀನಿಂಗ್ ಕೊಟ್ಟಳು, ಅಂದರೆ ಪ್ರಿಂಟರ್ ತಾನೇ ಇಂಕು ಎಳೆದು ಹೆಡ್ ತೊಳೆದುಕೊಳ್ಳುವ ಆಜ್ಞೆ. ಸರಿಹೋಗಲಿಲ್ಲ. ಮತ್ತೆ ಕೊಟ್ಟಳು, ಮತ್ತೂ ಕೊಟ್ಟಳು. "ಒತ್ತಿ ಒತ್ತಿ ಸಾಕಾತು ತಮ್ಮಾ. ಇಂಕ್ ಖಾಲಿ ಆಗಾಕತ್ತದ, ಗೆರಿ ಮಾತ್ರ ಹೋಗವಲ್ದು" ಎಂದು ಫೋನ್ ಮಾಡಿದಳು. ಅಷ್ಟರಲ್ಲಿ ಒಂದು ರಿಪೇರಿ ಅಂಗಡಿಯವರು ಹಾಳೆ ನೋಡಿಯೇ ಹೆಡ್ ಹೋಗಿದೆ ಅಂದಿದ್ದರು. ಹೊಸ ಹೆಡ್ ಹಾಕಿಸಲು ಅವರು ಹೇಳಿದ ದುಡ್ಡು ಹೊಸ ಪ್ರಿಂಟರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ.

ಹೆಡ್ ಹೋಗಿರಲಿಲ್ಲ. ಇಂಕ್ ಕಟ್ಟಿಕೊಂಡಿದ್ದು ನಿಜ. ಆದರೆ ಕ್ಲೀನಿಂಗ್ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಯಾರೂ ಕೇಳಿರಲಿಲ್ಲ. ಈ ಪ್ರಕರಣ ಪೂರ್ತಿ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಹಾಳೆ ಏನು ಹೇಳುತ್ತಿತ್ತು

ಪ್ರಿಂಟರಿಗೆ ನೀರು, ಸಿರಿಂಜು ಮುಟ್ಟಿಸುವ ಮೊದಲು ನಾಝಲ್ ಚೆಕ್ ಹಾಳೆಯನ್ನು, ಅಂದರೆ ಹೆಡ್‌ನ ಇಂಕು ಚಿಮ್ಮುವ ರಂಧ್ರಗಳನ್ನು ಪರೀಕ್ಷಿಸಲು ಪ್ರಿಂಟರ್ ತೆಗೆದುಕೊಡುವ ಹಾಳೆಯನ್ನು, ಕೂತು ಓದಬೇಕು. ಹೆಚ್ಚಿನವರು ಅದನ್ನು ಬರೀ ಪಾಸು-ಫೇಲು ಎಂದು ನೋಡುತ್ತಾರೆ. ಅದರಲ್ಲಿ ಇರುವ ಒಂದೊಂದು ಪುಟ್ಟ ಗೆರೆಯೂ ಒಂದೊಂದು ರಂಧ್ರದ ಹಾಜರಿ. ಮನೆ ಬಳಕೆಯ ಕೆಲವು ಪ್ರಿಂಟರುಗಳಲ್ಲಿ ಕಪ್ಪಿಗೆ 180 ರಂಧ್ರ, ಉಳಿದ ಒಂದೊಂದು ಬಣ್ಣಕ್ಕೆ 59 ಇರುತ್ತವೆ. ರಂಧ್ರದ ಅಗಲ ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ನಮ್ಮ ತಲೆಗೂದಲು 70 ಮೈಕ್ರಾನಿನ ಆಸುಪಾಸು. ಇಷ್ಟು ಸಣ್ಣ ತೂತಿನ ಬಾಯಲ್ಲಿ ಇಂಕು ಒಣಗಿದರೆ ಅಲ್ಲಿಗೆ ಆ ಗೆರೆ ಗೈರುಹಾಜರು.

ಒಂದು ಹಾಳೆ ಸಾಲದು. ಒಂದರ ಹಿಂದೆ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಖಾಲಿ ಜಾಗ ಎಲ್ಲ ಹಾಳೆಯಲ್ಲೂ ಅದೇ ಜಾಗದಲ್ಲಿದ್ದರೆ ಅದು ಹೆಚ್ಚಾಗಿ ಒಣಗಿದ ಇಂಕು. ಹಾಳೆಯಿಂದ ಹಾಳೆಗೆ ಜಾಗ ಬದಲಾದರೆ ಅದು ಹೆಚ್ಚಾಗಿ ಗಾಳಿ. ಗುಳ್ಳೆಗಳು ಇಂಕಿನ ದಾರಿಯಲ್ಲಿ ಓಡಾಡುತ್ತಿರುತ್ತವೆ, ಇವತ್ತು ಒಂದು ರಂಧ್ರ ಮುಚ್ಚುತ್ತವೆ, ನಾಳೆ ಇನ್ನೊಂದು.

ಹಳದಿಯನ್ನು ಬಿಳಿ ಹಾಳೆ ಮೇಲೆ ನೋಡುವುದು ಕಷ್ಟ. ಅದಕ್ಕೊಂದು ಉಪಾಯ ಇದೆ. ಫೋನಿನ ಪರದೆ ತುಂಬ ಗಾಢ ನೀಲಿ ಬಣ್ಣ ತೆರೆದು, ಕೋಣೆ ಕತ್ತಲು ಮಾಡಿ, ಆ ಬೆಳಕಲ್ಲಿ ಹಾಳೆ ಹಿಡಿಯಿರಿ. ಹಳದಿ ಇಂಕು ನೀಲಿ ಬೆಳಕನ್ನು ನುಂಗುತ್ತದೆ. ಹಾಗಾಗಿ ಗೆರೆಗಳು ಕಪ್ಪಾಗಿ ಎದ್ದು ಕಾಣುತ್ತವೆ.

ಅಕ್ಕನ ಹಾಳೆಗಳಲ್ಲಿ ಕಪ್ಪಿನ ಕೆಳಗಿನ ಭಾಗ ಪೂರ್ತಿ ಖಾಲಿ, ಪ್ರತಿ ಸಲವೂ ಅದೇ ಜಾಗ. ಮಜೆಂಟಾದಲ್ಲೂ (ಕಡು ಗುಲಾಬಿ) ಕೆಲವು ಗೆರೆ ಇಲ್ಲ, ಅವೂ ಜಾಗ ಬಿಟ್ಟು ಕದಲಿಲ್ಲ. ಇದು ಒಣಗಿದ ಇಂಕು, ಅನುಮಾನವಿಲ್ಲ. ಸಿಯಾನ್ (ತಿಳಿ ನೀಲಿ) ಕಥೆ ಬೇರೆ. ಅಕ್ಕ ಮೊದಲ ದಿನ ತೆಗೆದ ಹಾಳೆಯಲ್ಲಿ ಅದು ಪೂರ್ತಿ ಚೆನ್ನಾಗಿತ್ತು. ಕ್ಲೀನಿಂಗ್ ಮಾಡುತ್ತಾ ಹೋದ ಹಾಗೆ ಅದರಲ್ಲೂ ಗೆರೆಗಳು ಮಾಯವಾಗತೊಡಗಿದವು, ಪ್ರತಿ ಸಲ ಬೇರೆ ಬೇರೆ ಕಡೆ. ಚೆನ್ನಾಗಿದ್ದ ಬಣ್ಣ ಕ್ಲೀನಿಂಗ್ ಮಾಡಿದ ಮೇಲೆ ಕೆಡುತ್ತಿದೆ ಅಂದರೆ ಕ್ಲೀನಿಂಗ್‌ನಲ್ಲೇ ಏನೋ ಎಡವಟ್ಟಿದೆ ಅಲ್ವಾ?

ಇನ್ನೂ ಒಂದು ಗುರುತಿತ್ತು. ಹಳದಿಯ ಮೊದಲ ಗೆರೆಗಳು ಹಸಿರು ಹಸಿರಾಗಿದ್ದವು, ಆಮೇಲಿನವು ಹಳದಿಗೆ ತಿರುಗುತ್ತಿದ್ದವು. ಹಳದಿ ರಂಧ್ರದೊಳಗೆ ಬೇರೆ ಬಣ್ಣ ಸೇರಿಕೊಂಡರೆ ಮಾತ್ರ ಹೀಗಾಗುತ್ತದೆ. ಟ್ಯಾಂಕುಗಳು ಬೇರೆ ಬೇರೆ, ಪೈಪುಗಳು ಬೇರೆ ಬೇರೆ. ನಾಲ್ಕೂ ಬಣ್ಣ ಒಟ್ಟಿಗೆ ಸೇರುವ ಜಾಗ ಪ್ರಿಂಟರಿನಲ್ಲಿ ಇರುವುದು ಹೆಡ್ ನಿಲ್ಲುವ ಮೂಲೆಯಲ್ಲಿ. ಅಲ್ಲಿಗೆ ನಮ್ಮ ಗಮನ ಹೆಡ್ ಬಿಟ್ಟು ಆ ಮೂಲೆಗೆ ಹೋಯಿತು.

ಬಲ ಮೂಲೆಯ ಕ್ಯಾಪ್

ಕೆಲಸ ಇಲ್ಲದಾಗ ಹೆಡ್ ಬಲ ತುದಿಗೆ ಹೋಗಿ ನಿಲ್ಲುತ್ತದೆ. ಅದರ ಕೆಳಗೆ ರಬ್ಬರ್ ಅಂಚಿನ ಒಂದು ಪುಟ್ಟ ತೊಟ್ಟಿ ಇರುತ್ತದೆ. ಇದನ್ನೇ ಕ್ಯಾಪ್ ಅನ್ನುತ್ತಾರೆ. ಒಳಗೆ ಸ್ಪಂಜು, ಅದರ ಕೆಳಗೆ ಒಂದು ತೂತು, ತೂತಿನಿಂದ ಒಂದು ಸಣ್ಣ ಟ್ಯೂಬು, ಟ್ಯೂಬಿಗೆ ಪಂಪು. ಪಂಪು ಎಳೆದ ಇಂಕು ಯಂತ್ರದ ತಳದಲ್ಲಿ ಬೇಡದ ಇಂಕು ಹೀರಿಕೊಳ್ಳುವ ವೇಸ್ಟ್ ಇಂಕ್ ಪ್ಯಾಡಿಗೆ ಹೋಗಿ ಸೇರುತ್ತದೆ. ಪಕ್ಕದಲ್ಲೇ ಹೆಡ್‌ನ ತಳ ಒರೆಸುವ ರಬ್ಬರ್ ಪಟ್ಟಿ, ಅದು ವೈಪರ್.

ಕ್ಯಾಪ್‌ಗೆ ಎರಡು ಕೆಲಸ. ಹೆಡ್ ಸುಮ್ಮನಿರುವಾಗ ಅದರ ತಳವನ್ನು ಗಾಳಿಯಾಡದ ಹಾಗೆ ಮುಚ್ಚುವುದು. ಕ್ಲೀನಿಂಗ್ ಸಮಯದಲ್ಲಿ ಪಂಪಿನ ಎಳೆತ ನೇರ ರಂಧ್ರಗಳಿಗೆ ತಲುಪುವ ಹಾಗೆ ಹಿಡಿದುಕೊಳ್ಳುವುದು. ಎರಡಕ್ಕೂ ರಬ್ಬರ್ ಅಂಚು ಹೆಡ್‌ಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಹೆಡ್ ಒಣಗುತ್ತದೆ. ಒಣಗಿದ್ದನ್ನು ತೆಗೆಯಲು ಕ್ಲೀನಿಂಗ್ ಕೊಟ್ಟರೆ ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗಾಗುತ್ತದೆ, ಬರುವುದು ಗಾಳಿಯೇ. ಒಂದೇ ದೋಷ ರೋಗವನ್ನೂ ತರುತ್ತದೆ, ಮದ್ದನ್ನೂ ಕೆಡಿಸುತ್ತದೆ.

ಹೆಡ್ ಸರಿಸಿ ಟಾರ್ಚ್ ಹಾಕಿ ನೋಡಿದಾಗ ಕ್ಯಾಪ್ ತುಂಬ ಕೊಳೆ ಬಣ್ಣದ ಇಂಕು ನಿಂತಿತ್ತು. ರಬ್ಬರ್ ಅಂಚಿನ ಸುತ್ತ ಒಣಗಿದ ಇಂಕಿನ ಹೊಪ್ಪಳೆ, ಅದರಲ್ಲಿ ಒಂದು ಕೂದಲೂ ಅಂಟಿತ್ತು. ಬೇಸಿಗೆಯಲ್ಲಿ ಕ್ಯಾಪ್‌ನೊಳಗಿನ ಇಂಕು ಅಂಟಾಗಿ ಗಟ್ಟಿಯಾಗಿ ಕೆಳಗಿನ ತೂತನ್ನು ಕಟ್ಟಿಸಿತ್ತು. ಜೂನ್‌ನಲ್ಲಿ ಪ್ರತಿ ಕ್ಲೀನಿಂಗ್‌ನಲ್ಲೂ ಹೆಡ್ ಉಗುಳಿದ ಇಂಕು ಇಳಿದು ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತು. ಹೆಡ್ ಆ ಕೊಳದ ಮೇಲೆ ಹೋಗಿ ಕೂತಾಗ ಬೇರೆ ಬಣ್ಣಗಳು ಹಳದಿ ರಂಧ್ರದೊಳಗೆ ಹತ್ತಿದವು. ಹಸಿರು ಗೆರೆಗಳ ಲೆಕ್ಕ ಅಲ್ಲಿಗೆ ತಾಳೆಯಾಯಿತು.

ಹೆಡ್ ಸರಿಸುವುದು ಹೇಗೆ ಅಂತ ಹೇಳಿಬಿಡುತ್ತೇನೆ. ನಿಂತಲ್ಲಿ ಅದಕ್ಕೆ ಲಾಕ್ ಇರುತ್ತದೆ, ಕೈಯಲ್ಲಿ ಎಳೆದರೆ ಮುರಿಯುತ್ತದೆ. ಪ್ರಿಂಟರ್ ಆನ್ ಮಾಡಿದಾಗ ಹೆಡ್ ತಾನೇ ಎಡಕ್ಕೆ ಬಲಕ್ಕೆ ಓಡಾಡುತ್ತದೆ. ಮಧ್ಯಕ್ಕೆ ಬಂದ ಕೂಡಲೇ ಪ್ಲಗ್ ಕಿತ್ತರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬೆರಳಲ್ಲಿ ಮೆಲ್ಲಗೆ ಸರಿಸಬಹುದು. ಹೆಡ್ ಹಿಂದೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯೊಂದು ಉದ್ದಕ್ಕೆ ಇರುತ್ತದೆ. ಹೆಡ್ ಎಲ್ಲಿದೆ ಎಂದು ಯಂತ್ರ ತಿಳಿಯುವುದು ಅದರಿಂದಲೇ. ಅದಕ್ಕೆ ಇಂಕಿನ ಬೆರಳು, ಗ್ರೀಸು ತಾಗಬಾರದು.

ನೀರು ಯಾವುದು, ಮದ್ದು ಯಾವುದು

ಈ ಪ್ರಿಂಟರಿನ ನಾಲ್ಕೂ ಇಂಕು ಡೈ ಜಾತಿಯವು. ಅಂದರೆ ಬಣ್ಣ ನೀರಲ್ಲಿ ಕರಗಿರುತ್ತದೆ. ಒಣಗಿದರೂ ನೀರಿಗೆ ಮತ್ತೆ ಕರಗುತ್ತದೆ. ನಿಮ್ಮದು ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೆ ಸಾದಾ ಹಾಳೆಯಲ್ಲಿ ಪ್ರಿಂಟ್ ಆದ ಅಕ್ಷರದ ಮೇಲೆ ಒಂದು ಹನಿ ನೀರು ಬಿಡಿ. ಹರಡಿದರೆ ಡೈ. ಅಲ್ಲಾಡದೆ ನಿಂತರೆ ಪಿಗ್ಮೆಂಟ್. ಪಿಗ್ಮೆಂಟ್‌ನಲ್ಲಿ ಸಣ್ಣ ಕಣಗಳು, ಅಂಟಿಕೊಳ್ಳಲು ರಾಳ ಇರುತ್ತವೆ. ಅದು ಗಟ್ಟಿಯಾದರೆ ಬರೀ ನೀರಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಅದಕ್ಕೆಂದೇ ಸಿಗುವ ಹೆಡ್ ಕ್ಲೀನರ್ ಬೇಕಾಗುತ್ತದೆ.

ರಾಯಚೂರಿನ ಬೋರ್‌ವೆಲ್ ನೀರು ಗಡಸು. ಪಾತ್ರೆ ತಳದಲ್ಲಿ ಬಿಳಿ ಕಟ್ಟುವ ನೀರನ್ನು 20 ಮೈಕ್ರಾನಿನ ತೂತಿಗೆ ಬಿಡುವುದು ಬೇಡ. ಆರ್‌ಓ ನೀರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ನಾವು ತಂದಿದ್ದು ಇನ್ವರ್ಟರಿಗೆ ಹಾಕುವ ಬ್ಯಾಟರಿ ವಾಟರ್. ಒಂದು ಎಚ್ಚರಿಕೆ: ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ವಾಟರ್ ಎಂದು ಲೇಬಲ್ ಇರುವ, ಸೀಲ್ ಒಡೆಯದ ಕ್ಯಾನೇ ಆಗಬೇಕು. ಬ್ಯಾಟರಿ ಅಂಗಡಿಗಳಲ್ಲಿ ಆ್ಯಸಿಡ್ ಕೂಡ ಮಾರುತ್ತಾರೆ, ಬಿಡಿಯಾಗಿ ಬಾಟಲಿಯಲ್ಲಿ ಕೊಟ್ಟಿದ್ದನ್ನು ತರಬೇಡಿ.

ಸ್ಯಾನಿಟೈಸರ್ ಹಾಕಿ ಸರಿ ಮಾಡಿದೆ ಅನ್ನುವವರು ಸಿಗುತ್ತಾರೆ. ಅದರಲ್ಲಿ ಗ್ಲಿಸರಿನ್, ಜೆಲ್, ಸೆಂಟು ಏನೇನೋ ಇರುತ್ತವೆ. ಥಿನ್ನರ್, ನೇಲ್‌ಪಾಲಿಶ್ ರಿಮೂವರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಐಸೋಪ್ರೊಪೈಲ್ ಆಲ್ಕೋಹಾಲ್ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಒಳ್ಳೆಯದು, ಆದರೆ ಪದೇ ಪದೇ ತಾಗಿದರೆ ಕ್ಯಾಪ್‌ನ ರಬ್ಬರ್ ಗಡಸಾಗುತ್ತದೆ. ನಮ್ಮ ತೊಂದರೆಯ ಮೂಲವೇ ಆ ರಬ್ಬರಿನಲ್ಲಿದ್ದಾಗ ಆಲ್ಕೋಹಾಲ್ ಮುಟ್ಟುವ ಪ್ರಶ್ನೆಯೇ ಇರಲಿಲ್ಲ.

ಬೇಕಾದ ಉಳಿದ ಸಾಮಾನು ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ: ಸೂಜಿ ಇಲ್ಲದ ಸಿರಿಂಜು, ಕೈಗವಸು. ಒರೆಸಲು ಎಳೆ ಬಿಡದ ಬಟ್ಟೆ, ಕನ್ನಡಕ ಒರೆಸುವ ಬಟ್ಟೆಯಂಥದ್ದು. ಹತ್ತಿ ಬೇಡ, ಎಳೆ ಬಿಡುತ್ತದೆ. ಕೆಳಗೆ ಹಳೇ ಪೇಪರ್ ಹಾಸಿಕೊಳ್ಳಿ, ಇಂಕು ಒಮ್ಮೆ ಹತ್ತಿದರೆ ಗ್ರಾನೈಟ್ ಮೇಲಿಂದಲೂ ಸುಲಭಕ್ಕೆ ಹೋಗದು.

ಕ್ಯಾಪ್ ಮೊದಲು, ಹೆಡ್ ಆಮೇಲೆ

ನಿಂತಿದ್ದ ಕೊಳೆ ಇಂಕನ್ನು ಸಿರಿಂಜಿನಲ್ಲಿ ಎಳೆದು ತೆಗೆದೆವು. ಬೆಚ್ಚಗಿನ ಬ್ಯಾಟರಿ ವಾಟರ್ ಕೆಲವು ಹನಿ ಬಿಟ್ಟು, ನೆನೆಯಲು ಬಿಟ್ಟು, ಮತ್ತೆ ಎಳೆದೆವು. ನೀರು ತಿಳಿಯಾಗುವವರೆಗೂ ಇದೇ ಕೆಲಸ. ಬಟ್ಟೆಯ ತುದಿ ಒದ್ದೆ ಮಾಡಿ ರಬ್ಬರ್ ಅಂಚನ್ನು ಸುತ್ತಲೂ ಒರೆಸಿದೆವು. ಹೊಪ್ಪಳೆ ಪದರ ಪದರವಾಗಿ ಬಂತು. ಇಲ್ಲಿ ಉಗುರು, ಚಾಕು, ಪಿನ್ನು ಏನೂ ಬೇಡ. ಅಂಚಿನಲ್ಲಿ ಒಂದು ಗೀರು ಬಿದ್ದರೂ ಮುಚ್ಚಳ ಮತ್ತೆ ಸೋರುತ್ತದೆ. ವೈಪರಿನ ಎರಡೂ ಬದಿ ಒರೆಸಿದೆವು. ಕೊಳೆ ವೈಪರ್ ಹೆಡ್ ಒರೆಸುವ ಬದಲು ಅದಕ್ಕೆ ಬಳಿಯುತ್ತದೆ.

ಮುಂದಿನದು ಪರೀಕ್ಷೆ. ಕ್ಯಾಪ್ ತುಂಬ ನೀರು ಬಿಟ್ಟು, ಪ್ರಿಂಟರ್ ಆನ್ ಮಾಡಿ, ಒಂದು ಸಾದಾ ಕ್ಲೀನಿಂಗ್ ಕೊಟ್ಟು, ಹೆಡ್ ಸರಿಸಿ ನೋಡಬೇಕು. ನೀರು ಇಳಿದು ಹೋಗಿದ್ದರೆ ಟ್ಯೂಬೂ ಪಂಪೂ ಸರಿ ಇವೆ. ಯಂತ್ರ ಸುಮ್ಮನಿದ್ದಾಗ ನೀರು ಇಳಿಯಲಿಲ್ಲ ಎಂದು ಗಾಬರಿಯಾಗಬೇಡಿ. ಹಲವು ಪ್ರಿಂಟರುಗಳಲ್ಲಿ ಪಂಪು ಟ್ಯೂಬನ್ನು ಹಿಚುಕಿ ಹಿಡಿದಿರುತ್ತದೆ, ತಿರುಗಿದಾಗಲೇ ನೀರು ಹೋಗುವುದು. ನಮಗೆ ಮೊದಲು ನೀರು ಅರ್ಧಕ್ಕೇ ನಿಂತಿತು. ಸಿರಿಂಜಿನ ಬಾಯಿಗೆ ಮೆತ್ತನೆ ಟ್ಯೂಬಿನ ತುಂಡು ಸಿಕ್ಕಿಸಿ, ಕ್ಯಾಪ್‌ನ ತೂತಿನ ಮೇಲಿಟ್ಟು ಮೆಲ್ಲಗೆ ಎಳೆದಾಗ ಜೆಲ್ಲಿಯಂಥ ಕಪ್ಪು ಉಂಡೆಯೊಂದು ಹೊರಬಂತು. ಆಮೇಲಿನ ಪರೀಕ್ಷೆಯಲ್ಲಿ ಕ್ಯಾಪ್ ಖಾಲಿ.

ಇಷ್ಟಾದ ಮೇಲೆ ತೆಗೆದ ಹಾಳೆಯಲ್ಲಿ ಸಿಯಾನ್ ಪೂರ್ತಿ ವಾಪಸ್ ಬಂದಿತ್ತು. ಹಳದಿ ಹಳದಿಯಾಗೇ ಇತ್ತು. ಹೆಡ್‌ಗೆ ನಾವಿನ್ನೂ ಒಂದು ಹನಿ ನೀರೂ ಹಾಕಿರಲಿಲ್ಲ. ಅಂಗಡಿಯವರು ಹೆಡ್ ಬದಲಿಸಿದ್ದರೆ ಹೊಸ ಹೆಡ್ ಕೂಡ ಅದೇ ಕೊಳೆ ಕ್ಯಾಪ್ ಮೇಲೆ ಕೂರುತ್ತಿತ್ತು.

ಕಪ್ಪು, ಮಜೆಂಟಾ ಮಾತ್ರ ಹಾಗೇ ಉಳಿದವು. ಅವಕ್ಕೆ ನೆನೆಸುವುದೇ ದಾರಿ. ಬಟ್ಟೆಯ ಪಟ್ಟಿಯೊಂದನ್ನು ಹೆಡ್‌ನಷ್ಟು ಅಗಲಕ್ಕೆ ಮಡಚಿ, ಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಹೆಡ್ ಓಡಾಡುವ ದಾರಿಯಲ್ಲಿ ಹಾಸಿ, ಹೆಡ್ಡನ್ನು ಅದರ ಮೇಲಕ್ಕೆ ತಂದು ರಾತ್ರಿಯಿಡೀ ಬಿಟ್ಟೆವು. ಬಟ್ಟೆ ಹೆಡ್‌ನ ತಳಕ್ಕೆ ತಾಗಿರಬೇಕು, ಒತ್ತಿ ಹಿಡಿಯಬಾರದು. ನೀರು ತೊಟ್ಟಿಕ್ಕುವಷ್ಟು ಇರಬಾರದು. ಹೆಡ್‌ಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ಲಿಗೆ ನೀರು ಹತ್ತಿ, ಅದು ಒಣಗುವ ಮೊದಲೇ ಕರೆಂಟು ಕೊಟ್ಟರೆ ಹೆಡ್ ಜೊತೆಗೆ ಬೋರ್ಡೂ ಸುಡಬಹುದು. ಮನೆ ರಿಪೇರಿಯಲ್ಲಿ ನಿಜವಾಗಿ ಹೆಡ್ ಸಾಯುವುದು ಹೀಗೆ. ಇನ್ನೊಂದು ದಾರಿ, ಇಂಕಿನ ಪೈಪು ಬಿಚ್ಚಿ ಹೆಡ್‌ನ ಮೂತಿಗೆ ಸಿರಿಂಜು ಸಿಕ್ಕಿಸಿ ಜೋರಾಗಿ ಒತ್ತುವುದು. ವಿಡಿಯೋದಲ್ಲಿ ನೋಡಲು ಚೆಂದ. ಒಳಗಿನ ತೆಳು ಪದರಗಳು ಆ ಒತ್ತಡಕ್ಕೆ ಬಿಟ್ಟುಕೊಂಡರೆ ಮಾತ್ರ ವಾಪಸ್ ಕೂಡಿಸಲು ಯಾರಿಂದಲೂ ಆಗದು. ನಾವು ಆ ದಾರಿಗೆ ಹೋಗಲಿಲ್ಲ.

ಬೆಳಿಗ್ಗೆ ಬಟ್ಟೆಯ ಮೇಲೆ ಬಣ್ಣದ ಪಟ್ಟೆಗಳು ಮೂಡಿದ್ದವು. ಕಪ್ಪಿನ ಪಟ್ಟೆ ಪೂರ್ತಿ ಉದ್ದಕ್ಕೆ ಇತ್ತು, ಅದೇ ಒಳ್ಳೆಯ ಸುದ್ದಿ. ಆಮೇಲೆ ಒಂದು ಕ್ಲೀನಿಂಗ್, ಒಂದು ನಾಝಲ್ ಚೆಕ್. ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ಗೆರೆ ಬಿಟ್ಟು ಉಳಿದೆಲ್ಲ ಬಂದವು. ಇಲ್ಲೇ ಹೆಚ್ಚಿನವರು ಮತ್ತೆ ಮತ್ತೆ ಕ್ಲೀನಿಂಗ್ ಒತ್ತುತ್ತಾರೆ. ಕೆಲವು ಪ್ರಿಂಟರುಗಳ ಕೈಪಿಡಿಯಲ್ಲೇ, ಕೆಲವು ಸಲ ಮಾಡಿಯೂ ಆಗದಿದ್ದರೆ ಕನಿಷ್ಠ 12 ಗಂಟೆ ಸುಮ್ಮನೆ ಬಿಟ್ಟು ಆಮೇಲೆ ನೋಡಿ ಎಂದಿರುತ್ತದೆ. ಸುಮ್ನೆ ಬರೆದಿದ್ದಲ್ಲ. ರಂಧ್ರಕ್ಕೆ ಬಂದು ತಲುಪಿದ ಹೊಸ ಇಂಕು ಹಳೆಯದನ್ನು ನಿಧಾನಕ್ಕೆ ಕರಗಿಸುತ್ತದೆ, ಗುಳ್ಳೆಗಳೂ ಕರಗುತ್ತವೆ. ಮರುದಿನ ಕಪ್ಪು ಪೂರ್ತಿ ಸರಿಯಾಗಿತ್ತು. ಮಜೆಂಟಾದಲ್ಲಿ ಒಂದು ಗೆರೆ ಇವತ್ತಿಗೂ ಇಲ್ಲ. ಪ್ರಶ್ನೆಪತ್ರಿಕೆಗೆ ಅದು ಲೆಕ್ಕಕ್ಕಿಲ್ಲ, ಬಿಟ್ಟಿದ್ದೇವೆ.

ಹೆಡ್ ಬೇರೆ ಜಾತಿಯದಾಗಿದ್ದರೆ

ಇದು ಪೀಜೋ ಹೆಡ್. ಕರೆಂಟು ಕೊಟ್ಟಾಗ ಬಾಗುವ ಪುಟ್ಟ ಹರಳು ಇಂಕನ್ನು ಹೊರಕ್ಕೆ ತಳ್ಳುತ್ತದೆ. ಎಪ್ಸನ್, ಬ್ರದರ್ ಪ್ರಿಂಟರುಗಳಲ್ಲಿ ಇರುವುದು ಇದು. ಕ್ಯಾನನ್, ಎಚ್‌ಪಿ ಮನೆ ಪ್ರಿಂಟರುಗಳಲ್ಲಿ ಥರ್ಮಲ್ ಹೆಡ್. ಅಲ್ಲಿ ಪುಟ್ಟ ಹೀಟರ್ ಇಂಕನ್ನು ಕುದಿಸಿ, ಆ ಗುಳ್ಳೆ ಹನಿಯನ್ನು ಚಿಮ್ಮಿಸುತ್ತದೆ. 1977ರಲ್ಲಿ ಕ್ಯಾನನ್‌ನ ಇಂಜಿನಿಯರ್ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಇಂಕು ಚಿಮ್ಮಿತಂತೆ, ಅಲ್ಲಿಂದ ಹುಟ್ಟಿದ ವಿಚಾರ ಅದು. ಎಚ್‌ಪಿಯವರು ತಮ್ಮದೇ ದಾರಿಯಲ್ಲಿ ಅದನ್ನೇ ಕಂಡುಕೊಂಡು 1984ರಲ್ಲಿ ಥಿಂಕ್‌ಜೆಟ್ ಪ್ರಿಂಟರ್ ತಂದರು.

ಥರ್ಮಲ್ ಹೆಡ್ಡನ್ನು ಹಲವು ಮಾದರಿಗಳಲ್ಲಿ ಕೈಯಲ್ಲೇ ಕಿತ್ತು ತೆಗೆಯಬಹುದು, ಬಿಡಿಯಾಗಿ ಹೊಸದೂ ಸಿಗುತ್ತದೆ. ಅದನ್ನು ಹೊರತೆಗೆದು, ತಾಮ್ರದ ಬಣ್ಣದ ಕಾಂಟ್ಯಾಕ್ಟುಗಳಿಗೆ ನೀರು ತಾಗದ ಹಾಗೆ, ಬೆಚ್ಚಗಿನ ನೀರಲ್ಲಿ ನೆನೆದ ಬಟ್ಟೆಯ ಮೇಲೆ ಕೂರಿಸಿದರೆ ಸಾಕು. ಕೆಲಸ ಸುಲಭ. ಆದರೆ ಇಂಕು ಬಾರದ ಸ್ಥಿತಿಯಲ್ಲಿ ಹಾಳೆ ಮೇಲೆ ಹಾಳೆ ಪ್ರಿಂಟ್ ಕೊಡುತ್ತಾ ಹೋಗಬೇಡಿ. ಹೀಟರನ್ನು ತಣ್ಣಗಿಡುವುದೇ ಇಂಕು, ಅದಿಲ್ಲದಿದ್ದರೆ ಹೀಟರ್ ಸುಟ್ಟು ಹೋಗುತ್ತದೆ.

ಗೋಡೆಯ ಸ್ವಿಚ್

ಕ್ಯಾಪ್ ಯಾಕೆ ಇಷ್ಟು ಕೆಟ್ಟಿತು? ಬಿಸಿಲು, ಧೂಳು, ಎರಡು ತಿಂಗಳ ರಜೆ ಇವೆಲ್ಲ ಇದ್ದವು. ನನ್ನ ಲೆಕ್ಕದಲ್ಲಿ ದೊಡ್ಡ ಪಾಲು ಗೋಡೆಯ ಸ್ವಿಚ್ಚಿನದು. ಹಾಳೆ ಹೊರಬಂದ ಕೂಡಲೇ ಬೋರ್ಡಿನ ಸ್ವಿಚ್ ಆರಿಸುವುದು ಆ ಮನೆಯ ರೂಢಿ. ಕರೆಂಟು ಉಳಿಸುವ ಒಳ್ಳೆಯ ಬುದ್ಧಿ. ಆದರೆ ಪ್ರಿಂಟ್ ಮುಗಿದ ಮೇಲೆ ಹೆಡ್ ಇನ್ನೊಂದು ಪ್ರಿಂಟ್ ಬರಬಹುದು ಎಂದು ಕೆಲವು ಸೆಕೆಂಡು ಕಾಯುತ್ತದೆ, ಆಮೇಲೆ ಕ್ಯಾಪ್ ಮೇಲೆ ಹೋಗಿ ಕೂರುತ್ತದೆ. ಅದಕ್ಕೂ ಮೊದಲೇ ಕರೆಂಟು ಹೋದರೆ ತಳ ತೆರೆದೇ ಉಳಿಯುತ್ತದೆ, ಕೆಳಗೆ ಕ್ಯಾಪ್ ಕೂಡ. ಪ್ರಿಂಟ್ ಮಧ್ಯೆ ಕರೆಂಟು ಹೋದರೂ ಇದೇ ಗತಿ. ಕರೆಂಟು ಬಂದ ಮೇಲೆ ಒಮ್ಮೆ ಆನ್ ಮಾಡಿ, ಪ್ರಿಂಟರಿನದೇ ಗುಂಡಿಯಿಂದ ಆಫ್ ಮಾಡಿ, ದೀಪ ಪೂರ್ತಿ ಆರಿದ ಮೇಲೆ ಬೋರ್ಡಿನ ಸ್ವಿಚ್ಚಿಗೆ ಕೈ ಹಾಕಬೇಕು.

ಅಕ್ಕ ಈಗ ಹಾಗೇ ಮಾಡುತ್ತಾಳೆ. ಪ್ರಿಂಟರ್ ಕಿಟಕಿ ಬಿಟ್ಟು ಒಳಗಿನ ಗೋಡೆಗೆ ಬಂದಿದೆ. ರಜೆಯಲ್ಲೂ ವಾರಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯುತ್ತಾಳೆ. ಮಕ್ಕಳ ಡ್ರಾಯಿಂಗಿಗೆ ನಕ್ಷೆಯೋ ಹೂವೋ ಏನಾದರೂ ಸರಿ. ಬರೀ ಕಪ್ಪು ಅಕ್ಷರದ ಪುಟ ತೆಗೆದರೆ ಮಜೆಂಟಾ, ಹಳದಿಗೆ ಕೆಲಸ ಸಿಗುವುದಿಲ್ಲ.

ಒಂದು ಬಾಕಿ ಇದೆ. ಜೂನ್‌ನಲ್ಲಿ ಒತ್ತಿದ ಅಷ್ಟೂ ಕ್ಲೀನಿಂಗ್‌ಗಳನ್ನು ಪ್ರಿಂಟರ್ ಲೆಕ್ಕ ಇಟ್ಟಿದೆ. ವೇಸ್ಟ್ ಇಂಕ್ ಪ್ಯಾಡ್ ತುಂಬಿತು ಎಂದು ಆ ಲೆಕ್ಕ ಹೇಳಿದ ದಿನ ಪ್ರಿಂಟರ್ ತಾನೇ ನಿಲ್ಲುತ್ತದೆ. ಸಾಫ್ಟ್‌ವೇರಿನಿಂದ ಲೆಕ್ಕವನ್ನು ಸೊನ್ನೆಗೆ ತಂದುಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಪ್ಯಾಡ್ ಬದಲಿಸದೆ ಬರೀ ಲೆಕ್ಕ ಅಳಿಸಿದರೆ ಇಂಕು ಟೇಬಲ್ ಮೇಲೆ ಹರಿಯುತ್ತದೆ. ಹಾಗಾಗಿ ಹೊಸ ಪ್ಯಾಡಿಗೆ ದುಡ್ಡು ತೆಗೆದಿಟ್ಟುಕೋ ಎಂದು ಅಕ್ಕನಿಗೆ ಹೇಳಿದ್ದೇನೆ. ಹೆಡ್‌ಗೆ ಹೇಳಿದ್ದ ದುಡ್ಡಿನ ಮುಂದೆ ಅದು ಏನೂ ಅಲ್ಲ.